ಮೈನಸ್ 30ರಲ್ಲಿ ಗಾಳ ಹಾಕಲು ಹೊರಟಿದ್ದೇನೆ, ಫೋನು ಕ್ಯಾಮೆರಾ ಕೆಲಸ ಮಾಡುತ್ತವಾ?

ಕೇಳಿದವರು, ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ, ಭಾವ ಕೆನಡಾದ ವಿನಿಪೆಗ್‌ನಲ್ಲಿದ್ದಾರೆ. ಜನವರಿಯಲ್ಲಿ ಅವರ ಮನೆಗೆ ಹೋಗುತ್ತಿದ್ದೇನೆ. ಭಾವ ಪ್ರತಿ ಚಳಿಗಾಲ ವಿನಿಪೆಗ್ ಸರೋವರದಲ್ಲಿ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಾರೆ. ಈ ಸಲ ನನ್ನನ್ನೂ ಕರೆದುಕೊಂಡು ಹೋಗುತ್ತಾರಂತೆ. ನಾನು ವಿ.ಸಿ. ನಾಲೆಯಲ್ಲಿ ಅಪ್ಪನ ಪಕ್ಕ ಕೂತು ಗಾಳ ಹಾಕಿ ಬೆಳೆದವನು. ಆದರೆ ಅಂಥ ಚಳಿ ಕಂಡವನಲ್ಲ. ಕೆಲವು ದಿನ ಬೆಳಗ್ಗೆ ಮೈನಸ್ 30 ಇರುತ್ತದಂತೆ. ಅಪ್ಪನಿಗೆ ಮಂಡಿನೋವು, ಅಷ್ಟು ದೂರ ಬರಲು ಆಗುವುದಿಲ್ಲ. ಅವರಿಗೆ ಎಲ್ಲವನ್ನೂ ವಿಡಿಯೊ ಮಾಡಿ ತಂದು ತೋರಿಸಬೇಕು ಅಂತ ಆಸೆ. ಫೋನು, ಒಂದು ಚಿಕ್ಕ ಆಕ್ಷನ್ ಕ್ಯಾಮೆರಾ, ಪವರ್ ಬ್ಯಾಂಕ್ ಒಯ್ಯುತ್ತಿದ್ದೇನೆ. ಭಾವನ ಫಿಶ್ ಫೈಂಡರ್ (ನೀರಿನಡಿ ಮೀನು ಎಲ್ಲಿದೆ ಅಂತ ಪರದೆಯಲ್ಲಿ ತೋರಿಸುವ ಯಂತ್ರ) ಹೋದ ವರ್ಷ ಮಧ್ಯಾಹ್ನಕ್ಕೆಲ್ಲ ಆಫ್ ಆಗಿಬಿಡುತ್ತಿತ್ತಂತೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕುವೆಂಪುನಗರ, ಮೈಸೂರಿನಿಂದ:

ತಮ್ಮಾ, ನಾನು ಅಮೆರಿಕದ ಮಿನ್ನೆಸೋಟಾದಲ್ಲಿ 11 ವರ್ಷ ಕೆಲಸ ಮಾಡಿ ಮೈಸೂರಿಗೆ ವಾಪಸ್ ಬಂದವನು. ಅಲ್ಲಿ ಮಿಲ್ ಲ್ಯಾಕ್ಸ್ ಅಂತ ದೊಡ್ಡ ಸರೋವರ ಇದೆ. ಚಳಿಗಾಲದಲ್ಲಿ ಅದರ ಮೇಲೆ ಒಂದು ಊರೇ ಎದ್ದು ನಿಲ್ಲುತ್ತದೆ, ಅಷ್ಟು ಗುಡಿಸಲುಗಳು. ನಾನೂ ಆರೇಳು ಚಳಿಗಾಲ ಹೋಗಿದ್ದೇನೆ.

ಮೊದಲ ಸಲ ಆದದ್ದು ಹೇಳುತ್ತೇನೆ. ಮೀನು ಸಿಕ್ಕಿತು, ಫೋನ್ ತೆಗೆದೆ. ಚಾರ್ಜ್ 60 ಪರ್ಸೆಂಟ್ ತೋರಿಸುತ್ತಿತ್ತು. ಕ್ಯಾಮೆರಾ ಒತ್ತಿದ ತಕ್ಷಣ ಪರದೆ ಕಪ್ಪಾಯಿತು. ಫೋನ್ ಹೋಯಿತು ಅಂದುಕೊಂಡು ಒಳಜೇಬಿಗೆ ಹಾಕಿದೆ. ಮುಕ್ಕಾಲು ಗಂಟೆ ಬಿಟ್ಟು ಆನ್ ಮಾಡಿದರೆ ಮತ್ತೆ 50ರ ಮೇಲೆ ಚಾರ್ಜ್ ಇತ್ತು!

ಇದು ನಮಗೆ ಅರ್ಥವಾಗಲು ಕೊಬ್ಬರಿ ಎಣ್ಣೆ ಬಾಟಲಿ ಸಾಕು. ಡಿಸೆಂಬರ್ ಬೆಳಗ್ಗೆ ಬಾಟಲಿ ತುಂಬ ಎಣ್ಣೆ ಇರುತ್ತದೆ, ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳುವುದಿಲ್ಲ. ಬಿಸಿಲಿಗಿಟ್ಟರೆ ಸರಾಗವಾಗಿ ಬರುತ್ತದೆ. ಎಣ್ಣೆ ಎಲ್ಲಿಗೂ ಹೋಗಿರಲಿಲ್ಲ, ಅಲ್ವಾ? ಲಿಥಿಯಂ ಬ್ಯಾಟರಿಯೂ ಹೆಚ್ಚುಕಮ್ಮಿ ಹಾಗೇ. ಒಳಗಿನ ದ್ರವ ಪೂರ್ತಿ ಗಟ್ಟಿಯಾಗುವುದಿಲ್ಲ, ಆದರೆ ಮಂದವಾಗುತ್ತದೆ. ಅದರಲ್ಲಿ ಕರೆಂಟ್ ಹೊತ್ತು ಓಡಾಡುವ ಅಯಾನುಗಳು ನಿಧಾನವಾಗುತ್ತವೆ. ಕ್ಯಾಮೆರಾ ಆನ್ ಮಾಡಿದಾಗ ಒಮ್ಮೆಲೇ ಜಾಸ್ತಿ ಕರೆಂಟ್ ಬೇಕು. ಬ್ಯಾಟರಿ ಕೊಡಲಾರದು, ವೋಲ್ಟೇಜ್ ಕುಸಿಯುತ್ತದೆ, ಫೋನ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಐಫೋನ್ ಬಳಸಲು ಆ ಕಂಪನಿಯೇ ಹೇಳುವುದು 0ಯಿಂದ 35 ಡಿಗ್ರಿ. ನೀವು ಹೋಗುತ್ತಿರುವುದು ಅದಕ್ಕಿಂತ 30 ಡಿಗ್ರಿ ಕೆಳಗೆ.

ಆದ್ದರಿಂದ ಫೋನ್ ಇರಬೇಕಾದ ಜಾಗ ಮೈಗೆ ಅಂಟಿದ ಜೇಬು. ಜಾಕೆಟ್‌ನ ಹೊರಜೇಬು ಅಲ್ಲ, ಜಾಕೆಟ್‌ನ ಒಳಜೇಬೂ ಸಾಲದು. ಥರ್ಮಲ್ ಬನಿಯನ್ ಮೇಲೆ, ಸ್ವೆಟರ್ ಒಳಗೆ. ತೆಗೆದು ಒಂದು ನಿಮಿಷ ವಿಡಿಯೊ ಮಾಡಿ, ಮತ್ತೆ ಒಳಗೆ ಹಾಕಿ. ಆಕ್ಷನ್ ಕ್ಯಾಮೆರಾಗೆ ಮೂರು ಬ್ಯಾಟರಿ ಇಟ್ಟುಕೊಳ್ಳಿ. ಒಂದು ಕ್ಯಾಮೆರಾದಲ್ಲಿ, ಎರಡು ಮೈಮೇಲೆ. ಸರದಿಯಲ್ಲಿ ಬದಲಾಯಿಸಿ.

ಇನ್ನೊಂದು ಮಾತು, ಇದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ಫೋನ್ ಆಫ್ ಆದ ಕೂಡಲೇ ಅಲ್ಲೇ ಪವರ್ ಬ್ಯಾಂಕ್ ಚುಚ್ಚುತ್ತಾರೆ. ಬೇಡ. ಸೊನ್ನೆಗಿಂತ ಕೆಳಗೆ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಳಗೆ ಲಿಥಿಯಂ ಲೋಹವಾಗಿ ಪದರ ಕಟ್ಟುತ್ತದೆ. ಆ ಹಾನಿ ವಾಪಸ್ ಹೋಗುವುದಿಲ್ಲ. ಕೆಲವು ಫೋನ್‌ಗಳು ತಾವೇ ಚಾರ್ಜ್ ತಡೆಯುತ್ತವೆ, ಅಗ್ಗದ ಸಾಮಾನುಗಳು ತಡೆಯದಿರಬಹುದು. ಮೊದಲು ಮೈಶಾಖ, ಆಮೇಲೆ ಚಾರ್ಜ್.

ಈಗ ನಿಮ್ಮ ಭಾವನವರ ಫಿಶ್ ಫೈಂಡರ್. ಅದರಲ್ಲಿರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಇರಬಹುದು. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಯುಪಿಎಸ್ ಒಳಗೆ ಇರುತ್ತದಲ್ಲ, ಅದೇ ಜಾತಿ. ಮೈನಸ್ 18ರ ಹೊತ್ತಿಗೆ ಅದರ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮಧ್ಯಾಹ್ನಕ್ಕೆ ಕೈ ಕೊಡುವುದು ಸಹಜ. ಅದನ್ನು ಯಾವತ್ತೂ ಫುಲ್ ಚಾರ್ಜ್‌ನಲ್ಲೇ ಇಡಲು ಹೇಳಿ. ಚಾರ್ಜ್ ಇಳಿದ ಲೆಡ್ ಆಸಿಡ್ ಒಳಗಿನ ಆಸಿಡ್ ನೀರು ನೀರಾಗಿ, ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳುತ್ತದೆ. ಈಗ ತುಂಬಾ ಜನ ಹಗುರ ಅಂತ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾಗಿದ್ದಾರೆ. ಅದು ಒಳ್ಳೆಯದೇ, ಆದರೆ ಅದನ್ನೂ ಮನೆಯೊಳಗೇ ಚಾರ್ಜ್ ಮಾಡಬೇಕು.

ಬ್ಯಾಟರಿಯನ್ನು ಒಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಡಿ. ತಂತಿ ಹೊರಬರಲು ಒಂದು ಸಣ್ಣ ತೂತು ಸಾಕು. ನಮ್ಮಲ್ಲಿ ಮೀನು ತಣ್ಣಗಿಡಲು ಬಳಸುವ ಪೆಟ್ಟಿಗೆಯೇ ಅಲ್ಲಿ ಬ್ಯಾಟರಿಯನ್ನು ಬೆಚ್ಚಗಿಡುತ್ತದೆ.

ಫಿಶ್ ಫೈಂಡರ್‌ನಿಂದ ನೀರೊಳಗೆ ಇಳಿಬಿಡುವ, ಶಬ್ದದ ಅಲೆ ಕಳಿಸಿ ಮೀನು ಹುಡುಕುವ ಟ್ರಾನ್ಸ್‌ಡ್ಯೂಸರ್ ಬಗ್ಗೆ ಹೆದರಬೇಡಿ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಆ ನೀರು ತಳಕ್ಕೆ ಹೋಗಿ ನಿಲ್ಲುತ್ತದೆ. ಮೀನು ಬದುಕುವುದೇ ಅದರಿಂದ. ಮೇಲೆ ಮೈನಸ್ 30 ಇದ್ದರೂ ಕೆಳಗಿನ ನೀರು ಸೊನ್ನೆಗಿಂತ ಕೆಳಗೆ ಇಳಿದಿರುವುದಿಲ್ಲ. ಅಂದರೆ ಆ ಬಯಲಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಆ ತೂತಿನೊಳಗೇ ಇದೆ! ಟ್ರಾನ್ಸ್‌ಡ್ಯೂಸರ್ ಹೊರಗೆ ತೆಗೆದಾಗ ಅದರ ಮೇಲೆ ಮಂಜು ಕಟ್ಟಿದರೆ ಕೆರೆದು ತೆಗೆಯಬೇಡಿ, ಮತ್ತೆ ನೀರಿಗೆ ಅದ್ದಿ ಸ್ವಲ್ಪ ಹೊತ್ತು ಬಿಡಿ. ಪರದೆ ಎಲ್‌ಸಿಡಿ ಆಗಿದ್ದರೆ ಚಿತ್ರ ಎಳೆದುಕೊಂಡು ನಿಧಾನ ಬರುತ್ತದೆ. ಕೆಟ್ಟಿದೆ ಅಂತ ತಿಳಿಯಬೇಡಿ.

ಹೆಬ್ಬಾಳ್ ಕೈಗಾರಿಕಾ ಪ್ರದೇಶ, ಮೈಸೂರಿನಿಂದ:

ನಾನು ಮಂಜಿನ ಮೇಲೆ ನಿಂತವನಲ್ಲ. ಆದರೆ ಐಸ್‌ಕ್ರೀಮ್ ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿ ಒಂಬತ್ತು ವರ್ಷದಿಂದ ಕೆಲಸ. ಒಳಗೆ ಮೈನಸ್ 20ರ ಆಸುಪಾಸು, ಹೊರಗೆ ಏಪ್ರಿಲ್‌ನಲ್ಲಿ 36. ನಮ್ಮ ಬಾರ್‌ಕೋಡ್ ಸ್ಕ್ಯಾನರ್‌ಗಳು ಒಳಗೆ ಕೆಟ್ಟದ್ದಕ್ಕಿಂತ ಹೊರಗೆ ಬಂದಾಗ ಕೆಟ್ಟದ್ದೇ ಜಾಸ್ತಿ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುತ್ತದಲ್ಲ, ಹಾಗೆ ಸ್ಕ್ಯಾನರ್ ಒಳಗೂ ಹೊರಗೂ ಬೆವರುತ್ತದೆ. ಮತ್ತೆ ಒಳಗೆ ಹೋದರೆ ಆ ನೀರು ಮಂಜಾಗುತ್ತದೆ. ಇದಕ್ಕೆಂದೇ ಗಾಜು ಬೆಚ್ಚಗಾಗುವ ಸ್ಕ್ಯಾನರ್ ಬರುತ್ತವೆ, ಬೆಲೆ ಜಾಸ್ತಿ. ಮೊದಲು ನಾನಿದ್ದ ಕಡೆ ಅದಿಲ್ಲದೆ ಎರಡು ಸ್ಕ್ಯಾನರ್ ಹಾಳಾದವು.

ನಾವು ಮಾಡುವುದು ಇಷ್ಟೇ. ಹೊರಗೆ ಬರುವ ಮುಂಚೆ, ಒಳಗಿನ ಒಣ ತಣ್ಣನೆ ಗಾಳಿಯಲ್ಲೇ ಸಾಮಾನನ್ನು ಜಿಪ್ ಕವರ್‌ಗೆ ಹಾಕಿ ಗಾಳಿ ಒತ್ತಿ ಮುಚ್ಚುತ್ತೇವೆ. ಬೆವರು ಕವರ್ ಮೇಲೆ ಕೂರುತ್ತದೆ, ಸಾಮಾನಿನ ಮೇಲಲ್ಲ. ನೀವು ಸರೋವರದ ಮೇಲೇ ಕ್ಯಾಮೆರಾವನ್ನು ಕವರ್‌ಗೆ ಹಾಕಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಇದ್ದರೆ ಜೊತೆಗಿಡಿ. ಅಕ್ಕನ ಮನೆಗೆ ಬಂದಮೇಲೆ ಎರಡು ಮೂರು ಗಂಟೆ ತೆರೆಯಬೇಡಿ. ವಿಡಿಯೊ ನೋಡುವ ಆತುರ ಎಷ್ಟೇ ಇದ್ದರೂ ತೆರೆಯಬೇಡಿ. ಬೇಕಾದರೆ ಮೆಮೊರಿ ಕಾರ್ಡನ್ನು ಅಲ್ಲೇ ತೆಗೆದು ಜೇಬಿಗೆ ಹಾಕಿಕೊಂಡು ಬನ್ನಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಿಸಾಡುವ ಹಳೇ ಫೋನ್ ಇದ್ದರೆ ಕವರ್‌ಗೆ ಹಾಕಿ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟು ನೋಡಿ.

ದೇವರಾಜ ಅರಸು ರಸ್ತೆ, ಮೈಸೂರಿನಿಂದ:

ಮೊಬೈಲ್ ರಿಪೇರಿ ನನ್ನ ಕೆಲಸ. ಹೊಸ ಫೋನನ್ನು ಮಾತ್ರ ಫ್ರೀಜರ್‌ಗೆ ಹಾಕಬೇಡಿ ಸರ್. ಒಳಗೆ ಒಂದು ಬಿಳಿ ಚುಕ್ಕಿ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಆಮೇಲೆ ವಾರಂಟಿ ಕೇಳಲು ಕಷ್ಟ. ಫೋನ್ ಒದ್ದೆಯಾದರೆ ಅಕ್ಕಿ ಡಬ್ಬದಲ್ಲೂ ಇಡಬೇಡಿ, ಅಕ್ಕಿಯ ಪುಡಿ ಚಾರ್ಜಿಂಗ್ ತೂತಿಗೆ ಹೋಗುತ್ತದೆ. ಸುಮ್ನೆ ಫ್ಯಾನ್ ಗಾಳಿಗೆ ಇಡಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. 20,000 ಎಂಎಎಚ್‌ದು ಅಂದರೆ 74 ವ್ಯಾಟ್ ಅವರ್, ತೊಂದರೆ ಇಲ್ಲ.

ಮದ್ದೂರಿನಿಂದ:

ಸೇನೆಯಲ್ಲಿದ್ದೆ, ಸಿಗ್ನಲ್ಸ್. ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಪ್ಯಾಂಗಾಂಗ್ ಸರೋವರದ ನೀರು ಉಪ್ಪು, ಆದರೂ ಚಳಿಗೆ ಕಲ್ಲಿನ ಹಾಗೆ ಗಟ್ಟಿಯಾಗುವುದನ್ನು ಕಣ್ಣಾರೆ ನೋಡಿದ್ದೇನೆ. ರೇಡಿಯೊ ಬ್ಯಾಟರಿಗಳನ್ನು ರಾತ್ರಿ ನಾವು ಮಲಗುವ ಚೀಲದೊಳಗೆ, ಮಗುವನ್ನು ಮಲಗಿಸಿಕೊಂಡ ಹಾಗೆ ಇಟ್ಟುಕೊಳ್ಳುತ್ತಿದ್ದೆವು.

ಮೇಲಿನವರು ಹೇಳಿದ್ದು ಎಲ್ಲ ಸರಿ. ನನ್ನದು ಕೆಲವು ಸೇರಿಸಿ. ತಂತಿಗಳ ಪ್ಲಾಸ್ಟಿಕ್ ಚಳಿಗೆ ಬಿರುಸಾಗುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ. ತಣ್ಣಗಿರುವಾಗ ಸುತ್ತಬೇಡಿ. ಲೆನ್ಸ್ ಮೇಲೆ ಬಾಯಿಂದ ಊದಿ ಒರೆಸುವ ಅಭ್ಯಾಸ ನಮಗೆಲ್ಲ ಇದೆ. ಅಲ್ಲಿ ಊದಿದ ಉಸಿರೇ ಮಂಜಿನ ಪೊರೆ ಆಗುತ್ತದೆ. ಟಾರ್ಚ್‌ಗೆ ಸಾಮಾನ್ಯ ಆಲ್ಕಲೈನ್ ಸೆಲ್ ಬೇಡ, ಎಎ ಅಳತೆಯ ಲಿಥಿಯಂ ಸೆಲ್ ತೆಗೆದುಕೊಳ್ಳಿ. ಇದು ಫೋನಿನ ಬ್ಯಾಟರಿಯಂಥದ್ದಲ್ಲ, ಚಾರ್ಜ್ ಮಾಡದೆ ಒಮ್ಮೆ ಬಳಸಿ ಬಿಸಾಡುವ ಜಾತಿ. ಅವು ಮೈನಸ್ 40ರವರೆಗೂ ನಡೆಯುತ್ತವೆ. ಬರೆದುಕೊಳ್ಳಲು ಪೆನ್ಸಿಲ್ ಇರಲಿ, ಬಾಲ್‌ಪೆನ್ ಶಾಯಿ ನಿಂತುಹೋಗುತ್ತದೆ.

ಸಾಮಾನಿಗಿಂತ ಬೆರಳು ಮುಖ್ಯ. ಗಾಳಿಯ ಹೊಡೆತ ಸೇರಿ ಮೈನಸ್ 28ಕ್ಕಿಂತ ಕೆಳಗಿದ್ದರೆ ಬರಿ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಫೋನ್ ಒತ್ತಲು ಗ್ಲೌಸ್ ಪೂರ್ತಿ ತೆಗೆಯುವ ಹುಡುಗರನ್ನು ನೋಡಿದ್ದೇನೆ. ಒಳಗೊಂದು ತೆಳು ಗ್ಲೌಸ್, ಪರದೆಗೆ ಕೆಲಸ ಮಾಡುವಂಥದ್ದು. ಮೇಲೆ ದಪ್ಪದ್ದು. ದಪ್ಪದ್ದನ್ನು ಮಾತ್ರ ತೆಗೆಯಿರಿ.

ಮಂಡ್ಯದವರು, ಈಗ ಒಂಟಾರಿಯೊದಿಂದ:

ತಮ್ಮಾ, ನಮ್ಮೂರಿನವರು ಅಂತ ಓದಿ ಖುಷಿಯಾಯಿತು. ನಾವು ಸಿಮ್ಕೋ ಸರೋವರದಲ್ಲಿ ಪರ್ಚ್ ಮೀನಿಗೆ ಹೋಗುತ್ತೇವೆ. ನನ್ನ ಯಜಮಾನರ ಫೋನ್ ಹೋದದ್ದು ಚಳಿಯಿಂದಲ್ಲ, ತೂತಿನೊಳಗೆ ಬಿದ್ದು! ತೂತು ಒಂದು ಗೇಣಿಗಿಂತ ಸ್ವಲ್ಪ ಅಗಲ ಅಷ್ಟೇ, ಆದರೆ ಮರಗಟ್ಟಿದ ಕೈಯಿಂದ ಜಾರಿದ್ದು ನೆಟ್ಟಗೆ ಅಲ್ಲಿಗೇ ಹೋಯಿತು. ಫೋನಿಗೂ ಕ್ಯಾಮೆರಾಗೂ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ.

ಕೈ ಬೆಚ್ಚಗಿಡುವ ಪೊಟ್ಟಣ ಸಿಗುತ್ತವೆ. ಅದನ್ನು ಬ್ಯಾಟರಿ ಪೆಟ್ಟಿಗೆಗೆ ಹಾಕಿ ಮುಚ್ಚುವುದನ್ನು ನೋಡಿದ್ದೇನೆ, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಅದರಲ್ಲಿರುವುದು ಕಬ್ಬಿಣದ ಪುಡಿ. ಗಾಳಿ ಸೇರಿ ತುಕ್ಕು ಹಿಡಿಯುವಾಗ ಬರುವ ಶಾಖ ಅದು. ಗಾಳಿ ಇಲ್ಲದಿದ್ದರೆ ಶಾಖ ಇಲ್ಲ. ಪೆಟ್ಟಿಗೆಗೆ ಮೈಸೂರಿನವರು ಹೇಳಿದ ಬಿಸಿನೀರಿನ ಬಾಟಲಿಯೇ ಸರಿ. ಪೊಟ್ಟಣವನ್ನು ಫೋನಿಗೆ ನೇರ ಅಂಟಿಸಬೇಡಿ, ನಡುವೆ ಒಂದು ಬಟ್ಟೆ ಇರಲಿ.

ಟೆಂಟಿನೊಳಗೆ ಗ್ಯಾಸ್ ಹೀಟರ್ ಹಚ್ಚುತ್ತಾರೆ. ಅಲ್ಲಿ ನನಗೆ ಭಯ ಇರುವುದು ಕಾರ್ಬನ್ ಮಾನಾಕ್ಸೈಡ್‌ದು. ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಕಿಂಡಿ ತೆರೆದೇ ಇರಲಿ. ಅಲಾರಂ ಒಯ್ಯಿರಿ, ಅದರ ಸೆಲ್ ಕೂಡ ಚಳಿಗೆ ಸೋಲುತ್ತದೆ, ಬೆಳಗ್ಗೆಯೇ ಒತ್ತಿ ನೋಡಿ. ಹೀಟರ್ ಹಚ್ಚಿದಮೇಲೆ ಟೆಂಟಿನ ಮೇಲ್ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಕ್ಯಾಮೆರಾ ಅದರ ಕೆಳಗೆ ಇಡಬೇಡಿ.

ನಡೆಯಲು 4 ಇಂಚು ಗಟ್ಟಿ, ತಿಳಿಯಾದ ಮಂಜುಗಡ್ಡೆ ಬೇಕು ಅಂತ ಮಿನ್ನೆಸೋಟಾ ಸರ್ಕಾರದ ಲೆಕ್ಕ. ಬಿಳಿ ಮಂಜುಗಡ್ಡೆ ಆದರೆ ಅದರ ಎರಡರಷ್ಟು. ನಿಮ್ಮ ಭಾವನಿಗೆ ಅಲ್ಲಿನದು ಗೊತ್ತಿರುತ್ತದೆ. ಅವರು ಹೆಜ್ಜೆ ಇಟ್ಟ ಕಡೆಯೇ ಇಡಿ, ವಿಡಿಯೊಗಾಗಿ ದೂರ ಹೋಗಬೇಡಿ.

ಕೇಳಿದವರು, ಮಂಡ್ಯದಿಂದ:

ಎಲ್ಲರಿಗೂ ಕೈಮುಗಿದೆ. ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹಳೇ ಫೋನ್ ಒಂದಿತ್ತು, ಪರೀಕ್ಷೆ ಮಾಡಿದೆ. 70 ಪರ್ಸೆಂಟ್ ಚಾರ್ಜ್‌ನಲ್ಲಿ ಕವರ್‌ಗೆ ಹಾಕಿ ಫ್ರೀಜರ್‌ನಲ್ಲಿ 40 ನಿಮಿಷ ಇಟ್ಟೆ. ಹೊರತೆಗೆದು ಕವರ್ ಮೇಲಿಂದಲೇ ಕ್ಯಾಮೆರಾ ಒತ್ತಿದೆ, ಆಫ್ ಆಯಿತು. ನೋಡನೋಡುತ್ತಲೇ ಕವರ್ ಮೇಲೆ ನೀರು ಕೂತಿತು. ಎರಡು ಗಂಟೆ ಬಿಟ್ಟು ತೆರೆದರೆ ಫೋನ್ ಒಣಗಿಯೇ ಇತ್ತು, ಆನ್ ಮಾಡಿದರೆ 64 ಪರ್ಸೆಂಟ್. ಅಪ್ಪನೂ ಪಕ್ಕದಲ್ಲೇ ಕೂತು ನೋಡಿದರು. ಕೊಬ್ಬರಿ ಎಣ್ಣೆ ಮಾತು ಅವರಿಗೆ ತುಂಬಾ ಹಿಡಿಸಿತು.

ಭಾವನಿಗೆ ಫೋನ್ ಮಾಡಿ ಕೇಳಿದೆ, ಫಿಶ್ ಫೈಂಡರ್‌ನಲ್ಲಿರುವುದು ಲೆಡ್ ಆಸಿಡ್ ಬ್ಯಾಟರಿಯೇ. ಗ್ಯಾರೇಜ್‌ನಲ್ಲೇ ಇಟ್ಟಿರುತ್ತಿದ್ದರಂತೆ, ಈಗ ಮನೆಯೊಳಗೆ ತಂದು ಚಾರ್ಜ್‌ಗೆ ಹಾಕಿದ್ದಾರೆ. ಪೆಟ್ಟಿಗೆ ಅಲ್ಲೇ ಮಾಡುತ್ತಾರೆ. ಅಮ್ಮ ನನ್ನ ಥರ್ಮಲ್ ಬನಿಯನ್ ಎದೆಯ ಮೇಲೆ ಎರಡು ಜೇಬು ಹೊಲಿಯುತ್ತಿದ್ದಾರೆ, ಒಂದು ಫೋನಿಗೆ, ಒಂದು ಕ್ಯಾಮೆರಾ ಬ್ಯಾಟರಿಗೆ. ಜೇಬಿಗೆ ಗುಂಡಿ ಬೇಕಾ, ಜಿಪ್ ಬೇಕಾ ಅಂತ ಕೇಳುತ್ತಿದ್ದಾರೆ.

ಮದ್ದೂರಿನಿಂದ:

ದೊಡ್ಡ ಗುಂಡಿ. ಗ್ಲೌಸ್ ಹಾಕಿದ ಕೈಗೆ ಜಿಪ್ಪಿನ ತುದಿ ಸಿಗುವುದಿಲ್ಲ.