ಸೋಯಾ ಆದ ಮ್ಯಾಲ ಎರಿ ಹೊಲ ಉಳದೇ ಕಡಲಿ ಬಿತ್ತೋದು: ಲಾಭ ಅದನೋ, ಹುಚ್ಚೋ?

ಭಾಲ್ಕಿ ಎರಿಹೊಲ:
ಸೋಯಾ ರಾಶಿ ಆದ ಕೂಡ್ಲೆ ರೋಟಾವೇಟರ್ ಹೊಡಸೋ ಚಟ ಬಿಡ್ರಿ. ಹಿಂಗಾರಿ ಕಡಲಿ ಬರೋದೇ ನೆಲದಾಗ ಉಳಿದ ಹಸಿ ಮ್ಯಾಲ. ರೋಟಾವೇಟರ್ ತಿರುಗಿದ್ರ ಮ್ಯಾಲಿನ ನಾಲ್ಕು ಇಂಚಿನ ಹಸಿ ಹೋಯ್ತು, ಅಲಗು ಸವರಿದ ಕೆಳಗ ಗಟ್ಟಿ ಪದರ ಬ್ಯಾರೆ. ಜೀರೋ ಟಿಲ್ (ಉಳದೇ ಬಿತ್ತೋ) ಕೂರಿಗಿಲೆ ನೇರ ಬಿತ್ತರಿ. ಸಾಲಿಂದ ಸಾಲಿಗಿ 30 ಸೆಂ.ಮೀ., ಬೀಜ 8ರಿಂದ 10 ಸೆಂ.ಮೀ. ಆಳದಾಗ ಹಸಿ ಮಣ್ಣಿಗಿ ಕೂಡಬೇಕು. ಸೋಯಾ ಹೊಟ್ಟು ಅಲ್ಲೇ ಹರವಿಬಿಡ್ರಿ. ಕಸದ ಚಿಂತಿ ಕಡಿಮಿ, ಸೋಯಾದಾಗ ಕಸ ಕೊಲ್ಲೋ ಔಷಧ ಇಮಾಜೆಥಾಪಿರ್ ಹೊಡದಿರ್ತೀರಲ್ಲ.

ರಂಟಿ ಕುಂಟಿ (ಆಳಂದ):
"ನೇರ ಬಿತ್ತರಿ" ಅಂತ ಬರಿಯೋದು ಸಸಾರ. ಎರಿ ಮಣ್ಣು ಹಸಿ ಇದ್ದಾಗ ಕೂರಿಗಿ ತಾಳಿಗಿ ಮೆತ್ಕೋತದ, ಬೀಜದ ಕೊಳವಿ ಕಟ್ತದ, ಹಿಂದ ತಿರುಗಿ ನೋಡಿದ್ರ ಹತ್ತು ಮಾರು ಬೀಜೇ ಬಿದ್ದಿರಂಗಿಲ್ಲ. ಒಣಗಲಿ ಅಂತ ಬಿಟ್ರ ತಾಳು ಸೀಳಿದ ಗೆರಿ ಮುಚ್ಚಂಗಿಲ್ಲ, ಬಿರುಕು ಅದೇ ಗೆರಿ ಹಿಡದು ಬಾಯಿ ಬಿಡ್ತದ, ಬೀಜ ಬಿಸಿಲಿಗಿ ಬೀಳ್ತದ. ಕುಂಟಿ ಒಮ್ಮೆ ಹಾಯಿಸಿದ್ರ ಈ ತ್ರಾಸೇ ಇಲ್ಲ.

ಎರೆಮಣ್ಣು ಕಲಬುರಗಿ:
"ಹೊಟ್ಟು ಅಲ್ಲೇ ಹರವಿ" ಎಂಬ ಸಲಹೆ ಅಪಾಯಕಾರಿ. ಕೊಳೆಯದ ಸೋಯಾ ಹೊಟ್ಟು, ಮೇಲ್ಮಣ್ಣಲ್ಲಿ ಹಸಿ, ಬಿತ್ತುವ ಹೊತ್ತಿಗೆ ಸೆಕೆ: ಈ ಮೂರೂ ಕೂಡಿದರೆ ಕಡಲೆಗೆ ಬುಡಕೊಳೆ ಬರುವ ಅಪಾಯ ಹೆಚ್ಚು. ಸತ್ತ ಸಸಿ ಕಿತ್ತರೆ ಬುಡದಲ್ಲಿ ಬಿಳಿ ಬೂಷ್ಟು, ಅದರ ಮೇಲೆ ಸಾಸಿವೆ ಗಾತ್ರದ ಗುಂಡುಗಳು. ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಬೀಜೋಪಚಾರದ ಒಂದು ಮಾತೂ ನಿಮ್ಮ ಪೋಸ್ಟಲ್ಲಿಲ್ಲ.

ಹಿಂಗಾರಿ ಜೋಳ (ಔರಾದ):
ಬುಡಕೊಳೆ ಇರ್ಲಿ ಸರ್. "ಇಮಾಜೆಥಾಪಿರ್ ಹೊಡದಿರ್ತೀರಲ್ಲ" ಅಂದ್ರಲ್ಲ, ಅದನ್ನ ಹಿಡೀರಿ. ಬೀದರ ಜಿಲ್ಲಾದಾಗ ಎಲ್ಲರೂ ಕಡಲಿನೇ ಹಾಕ್ತಾರೇನ್ರಿ? ಅದೇ ಹೊಲದಾಗ ಜೋಳ ಹಾಕಿದವರ ಗತಿ? ಜುಲೈದಾಗ ಹೊಡದ ಔಷಧ ಅಕ್ಟೋಬರ್ ಜೋಳಕ್ಕ ತಗಲ್ತದ. ಸಸಿ ಗಿಡ್ಡ, ನರದ ನಡು ಹಳದಿ, ಬೇರು ಕಿತ್ತು ನೋಡಿದ್ರ ಮೊಂಡ.

ಭಾಲ್ಕಿ ಎರಿಹೊಲ:
ನಾ ಬರದಿದ್ದು ಕಡಲಿ ಬಗ್ಗೆ. ಸೋಯಾಕ್ಕ ಶಿಫಾರಸಿನಷ್ಟೇ ಹೊಡದಿದ್ರ ಹಿಂದಿಂದ ಬರೋ ಕಡಲಿಗಿ ಸಾಮಾನ್ಯವಾಗಿ ಏನೂ ಆಗಂಗಿಲ್ಲ. ಮ್ಯಾಲ, ಶಿಫಾರಸು ಪ್ರಕಾರ 400 ಮಿ.ಲೀ. ಹೊಡದ್ರ ಜೋಳಕ್ಕೂ ಅಷ್ಟು ಉಳಿಯಂಗಿಲ್ಲ.

ಹಿಂಗಾರಿ ಜೋಳ (ಔರಾದ):
400 ಯಾತಕ್ಕ? ಎಕರೆಗೋ ಹೆಕ್ಟೇರಿಗೋ? ಇಲ್ಲೇ ಎಲ್ಲರೂ ಮುಗ್ಗರಿಸೋದು.

ಭಾಲ್ಕಿ ಎರಿಹೊಲ:
ಎಕರೆಗಿ. 10 ಎಸ್‌ಎಲ್ (ಶೇ. 10 ದ್ರಾವಣ) ಔಷಧ ಹೆಕ್ಟೇರಿಗಿ 1 ಲೀಟರ್, ಎಕರೆಗಿ 400 ಮಿ.ಲೀ. ಲೆಕ್ಕ ಗೊತ್ತದ ನಮಗ.

ಹಿಂಗಾರಿ ಜೋಳ (ಔರಾದ):
ಲೆಕ್ಕ ಕಾಗದದ ಮ್ಯಾಲ. ಸಾಲಿನ ತುದಿಗಿ ಟ್ರ್ಯಾಕ್ಟರ್ ತಿರುಗುವಾಗ ನಳ ಬಂದ್ ಮಾಡ್ತಾರೇನು? ಅಲ್ಲಿ ಡಬಲ್ ಬೀಳ್ತದ, ಜೋಳ ಸಾಯೋದೂ ಅಲ್ಲೇ. ಅಮೆರಿಕಾದ ಲೇಬಲ್ಲಿನ್ಯಾಗ ಈ ಔಷಧ ಆದ ಮ್ಯಾಲ ಜೋಳಕ್ಕ 18 ತಿಂಗಳ ಅಂತರ ಕೊಟ್ಟಾರ. ನಿಮ್ಮದು ಮೂರು ತಿಂಗಳು!

ಎರೆಮಣ್ಣು ಕಲಬುರಗಿ:
ಅಮೆರಿಕದ ಲೇಬಲ್ ಇಲ್ಲಿಗೆ ತರಬೇಡಿ. ಅಲ್ಲಿ ನಡುವೆ ಹಿಮಗಾಲ, ಸೂಕ್ಷ್ಮಜೀವಿಗಳ ಕೆಲಸವೇ ನಿಲ್ಲುತ್ತದೆ. ಇಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಬೆಚ್ಚಗೆ, ಹಸಿಯಾಗಿ ಇರುತ್ತದೆ. ಔಷಧ ಕರಗುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹಿಂಗಾರಿ ಜೋಳ (ಔರಾದ):
"ಹಸಿಯಾಗಿ ಇರುತ್ತದೆ" ಅಂತ ಮಳಿರಾಯ ನಿಮಗ ಬರಕೊಟ್ಟಾನೇನ್ರಿ ಸಾಹೇಬ್ರ? ಆಗಸ್ಟ್ ಒಣಗಿದ ವರ್ಷ ಏನ್ ಮಾಡ್ತೀರಿ? ಅನುಮಾನ ಇದ್ದವರು ಹಿಂಗ ಮಾಡ್ರಿ: ಹೊಡದ ಹೊಲದ ಮ್ಯಾಲಿನ ನಾಲ್ಕು ಇಂಚಿನ ಮಣ್ಣು ಒಂದು ಡಬ್ಬಿಗಿ, ಔಷಧ ಬೀಳದ ಬದುವಿನ ಮಣ್ಣು ಇನ್ನೊಂದಕ್ಕ. ಎರಡರಾಗೂ ಹತ್ಹತ್ತು ಜೋಳದ ಕಾಳು ಹಾಕಿ, ಸಮ ನೀರು ಕೊಟ್ಟು, ಎರಡು ವಾರ ಆದ ಮ್ಯಾಲ ಬೇರು ತೊಳದು ಹೋಲಿಸ್ರಿ. ಸೋಯಾ ಕೊಯ್ಯೋಕ್ಕಿಂತ ಮೊದ್ಲೇ ಮಾಡ್ರಿ, ಇಲ್ಲಂದ್ರ ಉತ್ತರ ಬರೋದ್ರಾಗ ಬಿತ್ತೋ ಹದ ಮುಗೀತದ.

ಶಹಾಪುರ ಹತ್ತಿ:
ಡಬ್ಬಿ ಪರೀಕ್ಷೆ ಒಳ್ಳೇದದ. ಆದ್ರ ವಿಷಯ ಉಳುಮಿದು ಅಲ್ಲೇನ್ರಿ ಅಣ್ಣಾರ?

ಭಾಲ್ಕಿ ಎರಿಹೊಲ:
ಹೌದು, ಉಳುಮಿಗೇ ಬರೋಣ. ಹೈದರಾಬಾದ ಹತ್ತಿರದ ಪಟಾನ್‌ಚೆರುದಾಗ ಇರೋ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ್ಯಾಗ 1976ರಿಂದ ಎರಿ ಭೂಮಿ ಪ್ರಯೋಗ ನಡದದ. ಅಗಲ ಮಡಿ, ನಡು ನೀರು ಹರಿಯೋ ಸಾಲು, ಎತ್ತು, ಗಾಲಿ ಸಾಲಿನ್ಯಾಗೇ, ಮಡಿ ಮ್ಯಾಲ ಹತ್ತಂಗಿಲ್ಲ. ಹೆಕ್ಟೇರಿಗಿ ಸುಮಾರು 5 ಟನ್ ಕಾಳು. ಹಳೀ ಪದ್ಧತಿಯೊಳಗ 1 ಟನ್. ಇನ್ನೇನ್ ಬೇಕು?

ರಂಟಿ ಕುಂಟಿ (ಆಳಂದ):
"ಹಳೀ ಪದ್ಧತಿ" ಅಂದ್ರ ಏನು ಅಂತ ಹೇಳ್ರಿ ಮೊದ್ಲ. ಮುಂಗಾರಿನ್ಯಾಗ ಹೊಲ ಖಾಲಿ ಬಿಟ್ಟು ಹಿಂಗಾರಿಗಿ ಒಂದೇ ಬೆಳಿ. ಇತ್ತ ಕಡಿ ಎರಡು ಬೆಳಿ, ಗೊಬ್ಬರ, ಸುಧಾರಿತ ಬೀಜ. ಆ ಮಡಿಗಳೂ ಉಳೀದೇ ಬಿಟ್ಟಿದ್ದಲ್ಲ. ಹಿಂಗಾರಿ ರಾಶಿ ಆದ ಮ್ಯಾಲ ನೆಲದಾಗ ಚೂರು ಹಸಿ ಇರೋದ್ರಾಗೇ ಎತ್ತಿನ ಗಳೆಲೆ ಹರಗಿ ಮಡಿ ಸರಿ ಮಾಡ್ತಾರ. ಅದು ಉಳುಮಿ ಅಲ್ದೆ ಪೂಜೆ ಏನ್ರಿ?

ಭಾಲ್ಕಿ ಎರಿಹೊಲ:
ಎತ್ತಿನ ಗಳೆ ಬ್ಯಾರೆ, ರೋಟಾವೇಟರ್ ಬ್ಯಾರೆ. ನಾ ಬೈದಿದ್ದು ರೋಟಾವೇಟರ್‌ಗಿ.

ರಂಟಿ ಕುಂಟಿ (ಆಳಂದ):
ಮ್ಯಾಲ ಏನ್ ಬರದೀರಿ? "ಜೀರೋ ಟಿಲ್". ಈಗ ಎತ್ತಿನ ಗಳೆಗಿ ಬಂದ್ರಿ. ನಾಳಿ ಕುಂಟಿಗೂ ಬರ್ತೀರಿ ಬಿಡ್ರಿ.

ಶಹಾಪುರ ಹತ್ತಿ:
ಕೆಂಪು ಮಸಾರಿ ಹೊಲದವರು ಇದನ್ನ ಓದಿ ಉಳೀದೇ ಬಿಟ್ಟಗಿಟ್ಟೀರಿ ಮತ್ತ! ಎರಿ ಮಣ್ಣು ಬ್ಯಾಸಿಗ್ಯಾಗ ತಾನೇ ಬಿರಿದು ಪುಡಿ ಆಗ್ತದ. ಮಸಾರಿ ಹಂಗಲ್ಲ, ಮಳಿಗಿ ಮ್ಯಾಲ ಗಟ್ಟಿ ಹೆಪ್ಪಳಿಕಿ ಕಟ್ತದ. ಹೊಟ್ಟು ಹೊದಿಸದೇ ಉಳುಮಿ ಅಷ್ಟೇ ನಿಲ್ಲಿಸಿದ್ರ ನೀರು ಇಂಗೋ ಬದ್ಲು ಹರದು ಹೋಗ್ತದ.

ಎರೆಮಣ್ಣು ಕಲಬುರಗಿ:
ಬುಡಕೊಳೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಕಾರ್ಬಾಕ್ಸಿನ್ ಮತ್ತು ಥೈರಮ್ ಎಂಬ ಶಿಲೀಂಧ್ರನಾಶಕಗಳ ಮಿಶ್ರಣ ಕಿಲೋ ಬೀಜಕ್ಕೆ 2ರಿಂದ 3 ಗ್ರಾಂ ಹಚ್ಚಿ, ಕೊನೆಗೆ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸಿ ನೆರಳಲ್ಲಿ ಒಣಗಿಸಬೇಕು. ಕಂಬೈನ್ ಸಾಲಾಗಿ ಬಿಟ್ಟ ಹೊಟ್ಟನ್ನು ಕೆದರಿ ತೆಳುವಾಗಿ ಹರವಬೇಕು. ರಾಶಿ ಬಿದ್ದಲ್ಲೇ ಸಸಿ ಮೊದಲು ಸಾಯುತ್ತದೆ.

ಹಿಂಗಾರಿ ಜೋಳ (ಔರಾದ):
ಹೊಟ್ಟು ಹೊಲದಾಗ ಹರವಿದ್ರ ಎಮ್ಮಿ ಏನ್ ತಿನ್ಬೇಕ್ರಿ ಸಾಹೇಬ್ರ, ನಿಮ್ಮ ಥೈರಮ್ಮಾ?