ಗೀರು ನೋಡಬೇಡ ಅಕ್ಕಾ, ಹಿಂದಿನವನು ಏನು ಮಾಡಿದ್ದಾನೆ ನೋಡು

ಅಕ್ಕಾ, ನೀನು ಮನೆಯವರ ಗುಂಪಿನಲ್ಲಿ ಹಾಕಿದ ಫೋಟೊ ನೋಡಿದೆ. ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರ, ಬಳಸಿದ ಪ್ಲೇಸ್ಟೇಷನ್ 5, ಅರ್ಧ ಬೆಲೆಗೆ ಸಿಗುತ್ತಿದೆ, ಮೈಮೇಲೆ ಒಂದು ಗೀರೂ ಇಲ್ಲ, ಮಗನಿಗೆ ಕೊಡಿಸಲೇ ಎಂದು ಕೇಳಿದ್ದೀಯ. ಭಾವ ಆಗಲೇ ಹೆಬ್ಬೆರಳು ಎತ್ತಿಬಿಟ್ಟಿದ್ದಾರೆ. ಇಷ್ಟೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಹೇಳಿಯೇಬಿಡುತ್ತೇನೆ, ಕೇಳು.

ನಾನು ಮೊದಲ ಸಲ ಇಂಥ ಹಳೆಯ ಆಟದ ಯಂತ್ರ, ಅಂದರೆ ಕನ್ಸೋಲ್, ಕೊಂಡಾಗ ಗೀರುಗಳನ್ನೇ ಹುಡುಕಿದ್ದೆ. ಯಂತ್ರ ಕನ್ನಡಿಯಂತಿತ್ತು. ಮನೆಗೆ ತಂದು ಇಂಟರ್ನೆಟ್‌ಗೆ ಸೇರಿಸಿದ ಮೇಲೆ ಗೊತ್ತಾಯಿತು, ಅದನ್ನು ಕಂಪನಿಯವರು ಯಾವಾಗಲೋ ತಮ್ಮ ಆನ್‌ಲೈನ್ ಸೇವೆಯಿಂದ ಬ್ಯಾನ್ ಮಾಡಿದ್ದರು. ಹಿಂದಿನವನು ಏನೋ ಕಿತಾಪತಿ ಮಾಡಿದ್ದ. ಈ ನಿಷೇಧ ಇರುವುದು ಯಂತ್ರದ ಮೇಲೆ, ಅವನ ಖಾತೆಯ ಮೇಲಲ್ಲ. ಹೊಸ ಖಾತೆ ತೆರೆದೆ, ಎಲ್ಲವನ್ನೂ ಅಳಿಸಿ ರಿಸೆಟ್ ಮಾಡಿದೆ, ಜಗ್ಗಲಿಲ್ಲ. ಡಿಸ್ಕ್ ಹಾಕಿ ಒಬ್ಬನೇ ಆಡುತ್ತಾ ಕುಳಿತೆ. ಮಾರಿದವನು ಫೋನ್ ಎತ್ತಲಿಲ್ಲ, ಎತ್ತುತ್ತಾನೆಯೇ? ನಿಂಟೆಂಡೊ ಸ್ವಿಚ್ ಎಂಬ ಇನ್ನೊಂದು ಕನ್ಸೋಲ್ ಕೊಳ್ಳುವವರಂತೂ ಇನ್ನಷ್ಟು ಎಚ್ಚರವಾಗಿರಬೇಕು. 2017ರಲ್ಲಿ ಬಂದ ಮೊದಲ ಯಂತ್ರಗಳ ಚಿಪ್‌ನಲ್ಲೇ ಒಂದು ದೋಷವಿತ್ತು. ಮರುವರ್ಷ ಅದು ಬಯಲಾಯಿತು. ಅಪ್‌ಡೇಟ್‌ನಿಂದ ಮುಚ್ಚಲಾಗದ ದೋಷ ಅದು, ಹಾಗಾಗಿ ಬಹಳ ಜನ ಆ ಯಂತ್ರಗಳಲ್ಲಿ ಕೈಯಾಡಿಸಿದ್ದಾರೆ, ಅಂಥವು ಬ್ಯಾನ್ ಆಗಿರಬಹುದು.

ಆದ್ದರಿಂದ ಮಾರುವವನ ಎದುರಿನಲ್ಲೇ ನಿನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ನಿನ್ನದೇ ಖಾತೆಯಿಂದ ಒಳಗೆ ಹೋಗಿ, ಆಟಗಳ ಸ್ಟೋರ್ ತೆರೆದು ನೋಡು. ಅವನು ನೆಪ ಹೇಳಿದರೆ ಎದ್ದು ಬಾ.

ಮೂವತ್ತು ಆಟ ಉಚಿತ ಎಂದಿದ್ದಾನಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಬೇಡ. ಡೌನ್‌ಲೋಡ್ ಮಾಡಿದ ಆಟಗಳು ಅವನ ಖಾತೆಗೆ ಸೇರಿದವು. ನಾಳೆ ಅವನು ಎಲ್ಲಿಂದಲೋ ಆ ಖಾತೆಯ ನಂಟು ಕಡಿದುಹಾಕಿದರೆ ಮೂವತ್ತಕ್ಕೂ ಬೀಗ. ಅವನ ಬ್ಯಾಂಕ್ ಕಾರ್ಡ್ ಅದರಲ್ಲೇ ಉಳಿದಿದ್ದು ನಮ್ಮ ಅಳಿಯರಾಯರು ಏನಾದರೂ ಒತ್ತಿಬಿಟ್ಟರೆ ಅದು ಬೇರೆಯೇ ರಾಮಾಯಣ.

ಇನ್ನೊಂದು, ಫೋಟೊದಲ್ಲಿ ಡಿಸ್ಕ್ ಹಾಕುವ ಸೀಳು ನನಗೆ ಕಾಣಲಿಲ್ಲ. ಡಿಜಿಟಲ್ ಮಾದರಿಯಾದರೆ ಅಣ್ಣನ ಮಕ್ಕಳ ಡಿಸ್ಕ್‌ಗಳು ಇದಕ್ಕೆ ಪ್ರಯೋಜನವಿಲ್ಲ. ಸೀಳು ಇದ್ದರೂ ಒಂದು ಡಿಸ್ಕ್ ಹಾಕಿಯೇ ನೋಡಬೇಕು. 2020ರ ಮೊದಲ ಮಾದರಿಯಲ್ಲಿ ಡಿಸ್ಕ್ ಓದುವ ಭಾಗ, ಅಂದರೆ ಡ್ರೈವ್, ಅದೇ ಯಂತ್ರದ ಮುಖ್ಯ ಬೋರ್ಡ್ ಜೊತೆಗಷ್ಟೇ ಕೆಲಸ ಮಾಡುವ ಜೋಡಿ. ರಿಪೇರಿಯವರು ಬೇರೆಯದನ್ನು ತಂದು ಕೂರಿಸಿದ್ದರೆ ಓದುವುದಿಲ್ಲ.

ಭಾವ, ಐದು ನಿಮಿಷ ಆನ್ ಮಾಡಿ ಚೆನ್ನಾಗಿದೆ ಎನ್ನಬೇಡಿ. ಯಂತ್ರ ಕಾದ ಮೇಲೆಯೇ ಕಾಯಿಲೆ ಹೊರಬೀಳುವುದು. ಮೈಕ್ರೋಸಾಫ್ಟ್‌ನ ಹಳೆಯ ಕನ್ಸೋಲ್ ಎಕ್ಸ್‌ಬಾಕ್ಸ್ 360 ಕೆಟ್ಟಾಗ ಹೊತ್ತಿಕೊಳ್ಳುತ್ತಿದ್ದ ಕೆಂಪು ದೀಪದ ಕಾಟ ನೆನಪಿದೆಯೇ? 2007ರಲ್ಲಿ ಮೈಕ್ರೋಸಾಫ್ಟ್ ಅದಕ್ಕಾಗಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿಡಬೇಕಾಯಿತು. ದೊಡ್ಡ ಆಟವೊಂದನ್ನು ಮುಕ್ಕಾಲು ಗಂಟೆ ಆಡಿಸಿ, ಫ್ಯಾನ್ ಸದ್ದಿಗೆ ಕಿವಿಕೊಡಿ. ಟಿವಿಗೆ ಹೋಗುವ ಎಚ್‌ಡಿಎಂಐ ವೈರನ್ನು ಮೆಲ್ಲಗೆ ಅಲುಗಿಸಿದಾಗ ಚಿತ್ರ ಮಿನುಗಬಾರದು. ಕಂಟ್ರೋಲರ್ ಕೆಳಗಿಟ್ಟು ಕೈ ತೆಗೆದಾಗ ಪರದೆಯ ಮೇಲೆ ಏನೂ ತಾನಾಗಿ ಸರಿದಾಡಬಾರದು.

ಯಂತ್ರದ ಹಿಂಬದಿಯ ಫೋಟೊ, ಸೀರಿಯಲ್ ಸಂಖ್ಯೆ ಕಾಣುವಂತೆ, ತರಿಸಿಕೊಂಡು ನನಗೆ ಕಳುಹಿಸು ಅಕ್ಕಾ. ಗುಂಪಿನಲ್ಲಿ ಬೇಡ. ಭಾನುವಾರ ಹೋಗುವುದಾದರೆ ನಾನೂ ಬರುತ್ತೇನೆ, ಡಿಸ್ಕ್ ನಾನೇ ತರುತ್ತೇನೆ. ಅಲ್ಲಿಯವರೆಗೆ ಮುಂಗಡ ಎಂದು ಒಂದು ಪೈಸೆಯನ್ನೂ ಕಳುಹಿಸಬೇಡ.