ಇನ್ವರ್ಟರ್ ಬ್ಯಾಟರಿಗೆ ಕಾಯಿನ್ ನೀರು ಹಾಕಬಹುದಾ? ಎಸಿ ನೀರು?

ಸಿಂಧನೂರು ಝೆರಾಕ್ಸ್:

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಮಧ್ಯಾಹ್ನ ಕರೆಂಟ್ ಹೋದರೆ ಇನ್ವರ್ಟರ್ ಒಂದೇ ಗತಿ. 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. ಈ ಬಿಸಿಲಿಗೆ ನೀರು ಬೇಗ ಇಳಿಯುತ್ತಿದೆ. ಆರು ಮುಚ್ಚಳದಲ್ಲಿ ಎರಡರ ಕಡ್ಡಿ ಆಗಲೇ ಕೆಂಪಿಗೆ ಬಂದಿದೆ.

ನನ್ನ ಹತ್ತಿರ ಈಗ ಮೂರು ಥರದ ನೀರಿದೆ. ನಮ್ಮ ಓಣಿಯ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದದ್ದು ಒಂದು. ಅಂಗಡಿಯ ಎಸಿಯಿಂದ ಬಕೆಟ್‌ಗೆ ತೊಟ್ಟಿಕ್ಕುವುದು ಇನ್ನೊಂದು. ಮೂರನೆಯದು ಹತ್ತಿರದ ಅಂಗಡಿಯವರು ‘ಬ್ಯಾಟರಿ ವಾಟರ್’ ಅಂತ ಕೊಟ್ಟ ಕ್ಯಾನ್. ಅದರ ಮೇಲೆ ಚೀಟಿ ಇಲ್ಲ, ಸೀಲೂ ಇಲ್ಲ. ಮನೆ ಬೋರಿನ ನೀರಂತೂ ಸವಳು, ಅದರ ಮಾತೇ ಬೇಡ. ನಮ್ಮ ಮನೆಯವರು ಕೇಳುತ್ತಾರೆ: ಎಸಿ ನೀರು ಗಾಳಿಯ ತೇವದಿಂದ ಆಗಿದ್ದು, ಅದೂ ಡಿಸ್ಟಿಲ್ಡ್ ವಾಟರ್ ಇದ್ದಂಗೆ ಅಲ್ವಾ, ಸುಮ್ನೆ ದುಡ್ಡು ಯಾಕೆ ಕೊಡ್ತೀರಿ ಅಂತ. ನನಗೆ ಉತ್ತರ ಹೊಳೆಯಲಿಲ್ಲ.

ಅದೇ ಅಂಗಡಿಯವರು ಬಚ್ಚಲಿನ ಉಪ್ಪಿನ ಕಲೆಗೆ ಅಂತ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಆಸಿಡ್ ಕೂಡ ಕೊಟ್ಟಿದ್ದಾರೆ. ಬಚ್ಚಲಿಗೆ ಶಹಾಬಾದ್ ಕಲ್ಲು ಹಾಕಿಸಿದ್ದೇವೆ, ಕಮೋಡ್ ಪಿಂಗಾಣಿಯದು. ಎರಡಕ್ಕೂ ಹಾಕಬಹುದಾ? ಕೊನೆಗೊಂದು ಪೆದ್ದು ಪ್ರಶ್ನೆ: ಬ್ಯಾಟರಿ ನೀರು ಅಷ್ಟೊಂದು ಶುದ್ಧ ಅಂದರೆ ಕುಡಿದರೆ ಏನಾಗುತ್ತೆ?

ಶಕ್ತಿನಗರ ಹಳೇ ಆಪರೇಟರ್:

ತಮ್ಮಾ, ನಾನು ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಡಿಎಂ ಪ್ಲಾಂಟ್ ನೋಡಿಕೊಂಡಿದ್ದವನು. ಡಿಎಂ ಅಂದರೆ ಡಿಮಿನರಲೈಸ್ಡ್, ಕರಗಿದ ಉಪ್ಪಿನಂಶವನ್ನೆಲ್ಲ ತೆಗೆದ ನೀರು. ಕೃಷ್ಣಾ ನದಿ ನೀರನ್ನು ಬಾಯ್ಲರ್‌ಗೆ ಹೋಗುವ ಮಟ್ಟಕ್ಕೆ ತರುವ ಜಾಗ ಅದು. ಕಣ್ಣಿಗೆ ತಿಳಿಯಾಗಿ ಕಂಡರೆ ಅಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನೀರಿನಲ್ಲಿ ಸ್ವಲ್ಪ ಸಿಲಿಕಾ ಉಳಿದರೂ ಅದು ಹಬೆಯ ಜೊತೆ ಹೋಗಿ ಟರ್ಬೈನ್ ರೆಕ್ಕೆಗಳ ಮೇಲೆ ಕೂರುತ್ತೆ. ಅದಕ್ಕೆ ಶಿಫ್ಟ್ ಪೂರ್ತಿ ಮೀಟರ್ ನೋಡುವುದೇ ಕೆಲಸ.

ಡಿಎಂ ನೀರು ಮಾಡೋದು ಕುದಿಸಿ ಅಲ್ಲ. ಸಾಸಿವೆಯಷ್ಟು ಸಣ್ಣ ರೆಸಿನ್ ಕಾಳು ತುಂಬಿದ ದೊಡ್ಡ ಟ್ಯಾಂಕುಗಳಿರುತ್ತವೆ. ಮೊದಲನೆಯದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಹಿಡಿದುಕೊಂಡು ಆ ಜಾಗಕ್ಕೆ ಹೈಡ್ರೋಜನ್ ಬಿಡುತ್ತದೆ. ಮುಂದಿನದರಲ್ಲಿ ಕ್ಲೋರೈಡ್, ಸಲ್ಫೇಟ್ ಹಿಡಿದು ಹೈಡ್ರಾಕ್ಸಿಲ್ ಬಿಡುತ್ತದೆ. ಅವೆರಡೂ ಸೇರಿದರೆ ನೀರೇ ಆಯಿತು. ಕಾಳು ದಣಿದ ಮೇಲೆ ಮೊದಲನೆಯದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್, ಎರಡನೆಯದಕ್ಕೆ ಕಾಸ್ಟಿಕ್ ಸೋಡಾ ಹಾಯಿಸಿ ಮತ್ತೆ ಸಿದ್ಧ ಮಾಡುತ್ತಿದ್ದೆವು.

ಈಗ ನಿಮ್ಮ ಬ್ಯಾಟರಿಗೆ ಬರೋಣ. ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಗೆ ಹೋಗುತ್ತದೆ. ಆಸಿಡ್ ಒಳಗೇ ಇರುತ್ತದೆ. ಆದ್ದರಿಂದ ನೀರು ಮಾತ್ರ ತುಂಬಿಸಬೇಕು, ಆಸಿಡ್ ಹಾಕಬಾರದು. ಕಾಯಿನ್ ನೀರು ಆರ್‌ಒ ನೀರು. ಅದರ ಟಿಡಿಎಸ್ 40 ಇದೆ ಅಂದುಕೊಳ್ಳಿ. ಲೀಟರ್‌ಗೆ 40 ಮಿಲಿಗ್ರಾಂ ಉಪ್ಪಿನಂಶ. ಕುಡಿಯಲು ಅದು ಏನೇನೂ ಅಲ್ಲ. ಆದರೆ ಬ್ಯಾಟರಿಯಲ್ಲಿ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮುಂದಿನ ಸಲ ಹಾಕಿದ್ದು ಅದರ ಮೇಲೆ ಸೇರುತ್ತದೆ. ಕ್ಲೋರೈಡ್ ಸೀಸದ ಪ್ಲೇಟನ್ನು ತಿನ್ನುತ್ತದೆ. ಕಬ್ಬಿಣದ ಅಂಶ ಸೇರಿದರೆ ಲೋಡ್ ಇಲ್ಲದಿದ್ದರೂ ಚಾರ್ಜ್ ತಾನಾಗಿ ಇಳಿಯುತ್ತದೆ.

ನಿಮ್ಮ ಮನೆಯವರ ಮಾತು ಅರ್ಧ ಸರಿ. ಎಸಿಯಲ್ಲಿ ತೇವ ನೀರಾಗುವ ಆ ಗಳಿಗೆಯಲ್ಲಿ ಅದರಲ್ಲಿ ಉಪ್ಪಿಲ್ಲ. ಆದರೆ ಅದು ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ, ಅಲ್ಲಿ ಕೂತ ಧೂಳು ಎಲ್ಲವನ್ನೂ ತೊಳೆದುಕೊಂಡು ಬಕೆಟ್‌ಗೆ ಬರುತ್ತದೆ. ಝೆರಾಕ್ಸ್ ಅಂಗಡಿ ಅಂದರೆ ಟೋನರ್ ಪುಡಿಯೂ ಇರುತ್ತೆ. ಟಿಡಿಎಸ್ ಮೀಟರ್ ಒಟ್ಟು ಎಷ್ಟು ಅಂತ ಹೇಳುತ್ತದೆ, ಅದರಲ್ಲಿ ತಾಮ್ರ ಎಷ್ಟು, ಕಬ್ಬಿಣ ಎಷ್ಟು ಅಂತ ಹೇಳಲ್ಲ. ಆ ನೀರು ನೆಲ ಒರೆಸಲು, ಗಿಡಕ್ಕೆ ಚೆನ್ನಾಗಿದೆ. ಬ್ಯಾಟರಿಗೆ ಬೇಡ.

ಕುಡಿಯುವ ವಿಷಯ. ಶುದ್ಧ ನೀರು ಒಂದು ಗುಟುಕು ಹೋದರೆ ವಿಷ ಏನಲ್ಲ. ಆದರೆ ರೆಸಿನ್ ತೆಗೆಯುವುದು ಉಪ್ಪನ್ನು, ರೋಗಾಣುವನ್ನಲ್ಲ. ಆ ಕ್ಯಾನ್ ಕೂಡ ಕುಡಿಯುವ ನೀರಿಗೆ ಅಂತ ಮಾಡಿದ್ದಲ್ಲ, ಮೊದಲು ಅದರಲ್ಲಿ ಏನಿತ್ತೋ ಯಾರಿಗೆ ಗೊತ್ತು. ಖಾಲಿ ಕ್ಯಾನನ್ನು ಅಡುಗೆಮನೆಗೆ ಒಯ್ಯಲೇಬೇಡಿ.

ಗಂಗಾವತಿ ಬ್ಯಾಟರಿ ಕೆಲಸ:

ಹಿರಿಯರು ಎಲ್ಲಾ ಹೇಳಿದ್ದಾರೆ, ನಾನು ಕೈಕೆಲಸದ ಮಾತಷ್ಟೇ ಸೇರಿಸ್ತೀನಿ. ಮಿಲ್‌ಗಳ ಜನರೇಟರ್ ಬ್ಯಾಟರಿಯಿಂದ ಹಿಡಿದು ಮನೆ ಇನ್ವರ್ಟರ್‌ವರೆಗೂ ದಿನಾ ನೋಡ್ತೀನಿ ಅಣ್ಣ.

ಚಾರ್ಜ್ ಪೂರ್ತಿ ಆದ ಮೇಲೆ ನೀರು ತುಂಬಿಸಿ. ಚಾರ್ಜ್ ಆಗುವಾಗ ಒಳಗಿನದು ಉಬ್ಬುತ್ತೆ. ಮೊದಲೇ ತುಂಬಿಸಿದರೆ ಆಸಿಡ್ ಸಮೇತ ಉಕ್ಕಿ ಮೇಲೆಲ್ಲ ಹರಿಯುತ್ತೆ. ಪ್ಲೇಟ್ ಹೊರಗೆ ಕಾಣುವಷ್ಟು ಇಳಿದಿದ್ದರೆ ಮಾತ್ರ, ಪ್ಲೇಟ್ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಆಮೇಲೆ ಗೆರೆವರೆಗೆ ತನ್ನಿ. ಪ್ಲಾಸ್ಟಿಕ್ ಫನಲ್ ಬಳಸಿ, ಕಬ್ಬಿಣದ್ದು ಬೇಡ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಬೂಷ್ಟು ಥರ ಬಂದಿದ್ದರೆ ಇನ್ವರ್ಟರ್ ಆಫ್ ಮಾಡಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೇ ಬ್ರಷ್ ಅದ್ದಿ ತಿಕ್ಕಿ. ಮುಚ್ಚಳಗಳು ಗಟ್ಟಿಯಾಗಿ ಹಾಕಿರಲಿ, ಸೋಡಾ ಒಳಗೆ ಹೋದರೆ ಆಸಿಡ್ ಕೆಡುತ್ತೆ. ಒರೆಸಿ ಸ್ವಲ್ಪ ವ್ಯಾಸಲೀನ್ ಸವರಿ. ಹನಿ ಆಸಿಡ್ ಬಟ್ಟೆ ಮೇಲೆ ಬಿದ್ದರೆ ಆಗ ಏನೂ ಕಾಣಲ್ಲ. ನೀರು ಆರಿದ ಹಾಗೆ ಆಸಿಡ್ ಗಟ್ಟಿಯಾಗುತ್ತೆ, ಮರುದಿನ ಒಗೆದಾಗ ತೂತು. ನನ್ನ ಕೆಲಸದ ಪ್ಯಾಂಟ್ ಎಲ್ಲಾ ಜರಡಿ. ಮೈಮೇಲೆ ಅಥವಾ ಕಣ್ಣಿಗೆ ಬಿದ್ದರೆ ಸೋಡಾ ಗೀಡಾ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೀರಿ. ಕಣ್ಣಾದರೆ ತೊಳೆದು ಸೀದಾ ಆಸ್ಪತ್ರೆಗೆ.

ಒಂದು ಮಾತು ಬಿಟ್ಟೆ. ಎಷ್ಟೋ ಅಂಗಡಿಯಲ್ಲಿ ನೋಡಿದ್ದೀನಿ, ಮೇಲೆ ದೇವರ ಪಟ, ಕೆಳಗೆ ಇನ್ವರ್ಟರ್. ಬೆಳಿಗ್ಗೆ ಬಾಗಿಲು ತೆಗೆದವರೇ ಊದಿನಕಡ್ಡಿ ಹಚ್ಚಿ ಬ್ಯಾಟರಿ ಸಂದಿಗೇ ಸಿಕ್ಕಿಸ್ತಾರೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಸೇರಿದರೆ ಸಾಕು, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತೆ. ರಾತ್ರಿಯೆಲ್ಲ ಶಟರ್ ಮುಚ್ಚಿ ಚಾರ್ಜ್ ಆಗಿರುತ್ತೆ ಬೇರೆ. ದೇವರನ್ನು ಆಚೆ ಗೋಡೆಗೆ ಕೂರಿಸಿ.

ಕುಷ್ಟಗಿ ಹಾಸ್ಟೆಲ್ ಅಕ್ಕ:

ಆಸಿಡ್ ಪ್ರಶ್ನೆ ಎಲ್ಲರೂ ಬಿಟ್ಟಿದ್ದೀರಿ, ಅದು ನನ್ನ ಪಾಲಿಗೆ ಇರಲಿ. ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತೇನೆ, ಬಚ್ಚಲು ಮತ್ತು ಸಂಪ್ ನನ್ನ ನಿತ್ಯದ ಗೋಳು.

ಶಹಾಬಾದ್ ಕಲ್ಲಿಗೆ ಆಸಿಡ್ ಮುಟ್ಟಿಸಬೇಡಿ ರೀ. ಅದು ಸುಣ್ಣದ ಕಲ್ಲು. ಸವಳು ನೀರಿನ ಬಿಳಿ ಕಲೆಯೂ ಸುಣ್ಣವೇ. ಆಸಿಡ್‌ಗೆ ಕಲೆ ಯಾವುದು, ಕಲ್ಲು ಯಾವುದು ಅಂತ ಗೊತ್ತಾಗಲ್ಲ, ಎರಡನ್ನೂ ತಿನ್ನುತ್ತೆ. ನೊರೆ ಬಂದಾಗ ಕಲೆ ಬಿಡ್ತಿದೆ ಅಂತ ಖುಷಿಪಡ್ತಾರೆ. ಆಮೇಲೆ ಕಲ್ಲು ಒರಟಾಗಿ ಮೊದಲಿಗಿಂತ ಜಾಸ್ತಿ ಕೊಳೆ ಹಿಡಿಯುತ್ತೆ. ಕಡಪಾ ಕಲ್ಲಿಗೂ ಇದೇ ಗತಿ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಿದರೂ ನಿಧಾನವಾಗಿ ಅದೇ ಆಗುತ್ತೆ. ಸೋಪಿನ ಪುಡಿ, ಗಟ್ಟಿ ಬ್ರಷ್, ಸ್ವಲ್ಪ ತಾಳ್ಮೆ. ಸ್ನಾನ ಆದ ಮೇಲೆ ನೀರು ಎಳೆದು ಬಿಟ್ಟರೆ ಕಲೆ ಕೂರುವುದೇ ಕಡಿಮೆ. ಇಳಕಲ್ ಗ್ರಾನೈಟ್ ಆಗಿದ್ದರೆ ಇಷ್ಟು ಹೆದರಬೇಕಿರಲಿಲ್ಲ.

ಪಿಂಗಾಣಿ ಕಮೋಡ್‌ಗೆ ಹಾಕಬಹುದು. ಕೈಗೆ ರಬ್ಬರ್ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಆದರೆ ಆ ದಿನ ಬ್ಲೀಚಿಂಗ್ ಪೌಡರ್ ಆ ಕಡೆ ಸುಳಿಯಬಾರದು. ಎರಡೂ ಚೆನ್ನಾಗಿ ಕ್ಲೀನ್ ಮಾಡುತ್ತವೆ, ಸೇರಿಸಿದರೆ ಇನ್ನೂ ಚೆನ್ನ ಅಂತ ಎಷ್ಟೋ ಜನ ತಿಳಿದಿದ್ದಾರೆ. ಸೇರಿಸಿದರೆ ಬರುವುದು ಕ್ಲೋರಿನ್ ಗ್ಯಾಸ್. ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ. ಕುಕ್ಕರುಗಾಲಲ್ಲಿ ಕೂತು ತಿಕ್ಕುವವರ ಮುಖಕ್ಕೇ ಬರುತ್ತೆ. ಕೆಮ್ಮು, ಕಣ್ಣುರಿ ಶುರುವಾದರೆ ಎಲ್ಲಾ ಅಲ್ಲೇ ಬಿಟ್ಟು ಹೊರಗೆ ಓಡಬೇಕು.

ಕೂಲ್‌ಡ್ರಿಂಕ್ಸ್ ಬಾಟಲಿ ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಬಿಸಿಲಿನಿಂದ ಬಂದ ಮಗು ಬಾಟಲಿ ನೋಡಿದರೆ ಮೂಸಿ ನೋಡುತ್ತಾ? ಸೀದಾ ಎತ್ತಿ ಕುಡಿಯುತ್ತೆ. 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅಂಗಡಿಯವರು ಆಸಿಡ್ ಮಾರುವಾಗ ಗುರುತಿನ ಚೀಟಿ ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು, 18 ತುಂಬದವರಿಗೆ ಕೊಡಬಾರದು ಅಂತ. ಇವರು ಬಾಟಲಿಗೆ ಸುರಿದು ಕೊಟ್ಟು ಕಳಿಸಿದ್ದಾರೆ!

ಇನ್ನು ಸವಳು ನೀರಿನ ಮಾತು ಬಂತಲ್ಲ, ಅದಕ್ಕೊಂದು. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಎಲ್ಲಾ ಹೋಗುತ್ತೆ ಅಂತ ಪಾಲಕರು ಹೇಳ್ತಾರೆ. ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದು ಇನ್ನೂ ಜಾಸ್ತಿ ಆಗುತ್ತೆ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತಾರೆ. ಕುಡಿಯಲು ನಿಮ್ಮ ಕಾಯಿನ್ ನೀರೇ ಸರಿ.

ಸಿಂಧನೂರು ಝೆರಾಕ್ಸ್:

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನ ಟಿಡಿಎಸ್ ಮೀಟರ್ ತಂದು ಎಲ್ಲಾ ನೋಡಿದೆ. ಕಾಯಿನ್ ನೀರು 46, ಎಸಿ ನೀರು 18. ಚೀಟಿ ಇಲ್ಲದ ಆ ‘ಬ್ಯಾಟರಿ ವಾಟರ್’ ಎಷ್ಟು ಗೊತ್ತಾ? 61! ಕುಡಿಯುವ ನೀರಿಗಿಂತ ಜಾಸ್ತಿ. ಬೇರೆ ಕಡೆ ಸೀಲ್ ಇದ್ದ ಡಿಎಂ ಕ್ಯಾನ್ ತಂದೆ, ಅದು 1 ತೋರಿಸಿತು. ರಾತ್ರಿ ಚಾರ್ಜ್ ಆದ ಮೇಲೆ ಹಾಕಿದ್ದೇನೆ. ಗಣಪತಿ ಪಟವೂ ಜಾಗ ಬದಲಿಸಿದೆ.

ಆಸಿಡ್ ಬಾಟಲಿ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳೋಕೆ ಮನಸ್ಸಿಲ್ಲ. ಚರಂಡಿಗೆ ಸುರಿದುಬಿಡಲಾ?

ಶಕ್ತಿನಗರ ಹಳೇ ಆಪರೇಟರ್:

ಹಾಗೇ ಸುರಿಯಬೇಡಿ. ಬಯಲಿನಲ್ಲಿ ದೊಡ್ಡ ಪ್ಲಾಸ್ಟಿಕ್ ಬಕೆಟ್ ಇಟ್ಟು ಮುಕ್ಕಾಲು ನೀರು ತುಂಬಿ. ಗಾಳಿ ಬೆನ್ನಿಗೆ ಬರುವ ಹಾಗೆ ನಿಂತು, ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇಟ್ಟು, ಆ ನೀರಿಗೆ ಆಸಿಡನ್ನು ಸಣ್ಣಗೆ ಬಿಡಿ. ಆಸಿಡ್ ಮೇಲೆ ನೀರು ಸುರಿಯಬೇಡಿ, ಕಾದು ಸಿಡಿಯುತ್ತೆ. ಆಮೇಲೆ ಅಡುಗೆ ಸೋಡಾ ಒಂದೊಂದೇ ಚಮಚ ಹಾಕುತ್ತಾ ಹೋಗಿ. ಬುರುಗು ಬರುವುದು ಪೂರ್ತಿ ನಿಂತಿತು ಅಂದರೆ ಆಸಿಡ್ ಮುಗಿಯಿತು, ಜಾಸ್ತಿ ನೀರು ಬಿಟ್ಟು ಚರಂಡಿಗೆ ಹೋಗಲಿ. ಅರ್ಧ ಬಾಟಲಿಗೂ ಸೋಡಾ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಬೇಕಾಗುತ್ತೆ, ದೊಡ್ಡ ಪ್ಯಾಕೆಟ್ಟೇ ತನ್ನಿ. ಬಾಟಲಿ ತೊಳೆದು ತೂತು ಹಾಕಿ ಬಿಸಾಡಿ, ಯಾರೂ ಮತ್ತೆ ನೀರು ತುಂಬಬಾರದು.